ಕೊಬ್ಬರಿ ಅಟ್ಟದ ಹೆಡ್ಮಾಸ್ಟರು

ನಮ್ಮ ಚಿಕ್ಕಪ್ಪನಲ್ಲಿ ನಾಯಕನಾಗುವ ಒಂದೇ ಒಂದು ಲಕ್ಷಣವೂ ಇಲ್ಲ. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ತರಬೇತಿ ಪಡೆದು ಹೇಳುತ್ತಿದ್ದೇನೆ! ಹೋದ ವರ್ಷ, ನಮ್ಮ ಶಾಲೆ ಉಳಿಯುತ್ತದೋ ಮುಚ್ಚುತ್ತದೋ ಎಂಬ ಹೊತ್ತಿನಲ್ಲೇ, ಅರಸೀಕೆರೆಯಲ್ಲಿ ‘ಸಂಕಷ್ಟದ ಸಮಯದಲ್ಲಿ ಶಾಲಾ ನಾಯಕತ್ವ’ ಎಂಬ ಎರಡು ದಿನದ ತರಬೇತಿ ನಡೆಯಿತು. ಹೆಡ್ಮಾಸ್ಟರುಗಳೇ ಹೋಗಬೇಕಾದ ತರಬೇತಿ. ನಮ್ಮ ಚಿಕ್ಕಪ್ಪ, “ನನಗಿಲ್ಲಿ ಸಂಕಷ್ಟ ಇದೆ, ಬಿಟ್ಟು ಹೇಗೆ ಬರಲಿ? ನೀವು ಹೋಗಿ ಬರೆದುಕೊಂಡು ಬನ್ನಿ” ಎಂದು ನನ್ನನ್ನು ಬಸ್ಸು ಹತ್ತಿಸಿದರು.

ಅಲ್ಲಿ ಗೋಡೆಯ ಮೇಲೆ ಬಣ್ಣಬಣ್ಣದ ಅಕ್ಷರ ಮೂಡಿಸಿ ಒಳ್ಳೆಯ ನಾಯಕನ ಗುಣಗಳನ್ನು ವಿವರಿಸಿದರು. ಮೊದಲನೆಯದು ಗಂಭೀರ ವ್ಯಕ್ತಿತ್ವ. ನಮ್ಮ ಚಿಕ್ಕಪ್ಪ ಬೆಳಗಿನ ಪ್ರಾರ್ಥನೆಗೆ ಒಂದನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ, ಎದುರಿಗಿರುವ ಮಗುವಿನ ಕಾಲರು ಸರಿಮಾಡುತ್ತಾ. ಎರಡನೆಯದು ಸ್ಪಷ್ಟವಾದ ಮಾತು. ಚಿಕ್ಕಪ್ಪ ವಾಕ್ಯ ಶುರು ಮಾಡುತ್ತಾರೆ, ಮುಗಿಸುವುದು ಕೇಳುವವರ ಜವಾಬ್ದಾರಿ. “ಆ ಹುಡುಗನಿಗೆ ಸ್ವಲ್ಪ...” ಎಂದು ಹೇಳಿ ಹೊರಟುಹೋಗುತ್ತಾರೆ. ಸ್ವಲ್ಪ ಏನು? ಬೈಯಬೇಕೋ, ಇನ್ನೊಂದು ಲೋಟ ಹಾಲು ಕೊಡಬೇಕೋ? ನಾವು ಎರಡನ್ನೂ ಮಾಡುತ್ತಿದ್ದೆವು. ಮೂರನೆಯದು ತ್ವರಿತ ನಿರ್ಧಾರ. ಅದನ್ನು ಕೇಳಿದಾಗ ನನಗೆ ನಗು ತಡೆಯಲಾಗದೆ ಕೆಮ್ಮು ಬಂದು, ಪಕ್ಕದ ಹೆಡ್ಮಾಸ್ಟರು ನೀರಿನ ಬಾಟಲಿ ಕೊಟ್ಟರು.

ಮೊದಲು ನಮ್ಮ ಸಂಬಂಧ ಹೇಳಿಬಿಡುತ್ತೇನೆ. ಅವರು ನನ್ನ ಅಪ್ಪನ ತಮ್ಮ. ಜಾವಗಲ್ಲಿನಿಂದ ಹಳೇಬೀಡಿನ ಕಡೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು. ನಾನು ಅದೇ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ವರ್ಷ ವರ್ಷವೂ ಹೊಸದಾಗಿ ಕರೆಸಿಕೊಳ್ಳಬೇಕಾದವಳು, ಕಾಫಿ ಮಾತ್ರ ನಾವೇ ಮಾಡಿಕೊಳ್ಳಬೇಕು. ನನ್ನನ್ನು ಚಿಕ್ಕಪ್ಪ ಸೇರಿಸಿಕೊಂಡರು ಎಂದು ಯಾರೂ ತಿಳಿಯಬೇಡಿ. ಆಯ್ಕೆಯ ದಿನ ಅವರು, “ನನ್ನ ಅಣ್ಣನ ಮಗಳು ಬಂದಿದ್ದಾಳೆ, ನಾನು ಹೊರಗೆ ಕೂತಿರ್ತೀನಿ. ಅವಳಿಗೆ ಕಷ್ಟದ ಪ್ರಶ್ನೆನೇ ಕೇಳಿ” ಎಂದು ಹೇಳಿ ಎದ್ದುಹೋಗಿದ್ದರು. ಕೇಳಿದರು ಕೂಡ!

ನಮ್ಮ ಜೊತೆ ಇನ್ನೊಬ್ಬರು ಗಣಿತದ ಮೇಷ್ಟ್ರು, ಬೇಲೂರಿನಿಂದ ದಿನಾ ಬಸ್ಸಿನಲ್ಲಿ ಬರುವವರು, ದಿನಾ ಬಸ್ಸನ್ನು ಬೈಯುವವರು. ಮಕ್ಕಳು ಅರವತ್ತೊಂದು. ಈ ಅರವತ್ತೊಂದು ಎಂಬ ಸಂಖ್ಯೆ ಚಿಕ್ಕಪ್ಪನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಶಾಲೆಯ ಹೊತ್ತಿನಲ್ಲಿ ಫೋನು ಬಂದರೆ ಅವರು ಹಲೋ ಅನ್ನುತ್ತಿರಲಿಲ್ಲ. ಆ ದಿನದ ಹಾಜರಾತಿ ಹೇಳುತ್ತಿದ್ದರು. ಒಂದು ಸಲ ನಮ್ಮ ಚಿಕ್ಕಮ್ಮ ತವರು ಗೆಂಡೆಹಳ್ಳಿಗೆ ಹೋಗಿದ್ದಾಗ ಗಾಬರಿಯಿಂದ ಫೋನು ಮಾಡಿದರು.

“ಅರವತ್ತೊಂದಕ್ಕೆ ಐವತ್ತೊಂಬತ್ತು, ಹೇಳಿ” ಎಂದರು ಚಿಕ್ಕಪ್ಪ.

“ರೀ, ಅಪ್ಪ ಮೆಟ್ಟಿಲು ಜಾರಿ ಕಾಲು ಉಳುಕಿಸಿಕೊಂಡಿದ್ದಾರೆ! ನೀವು ಐವತ್ತೊಂಬತ್ತು ಅಂತೀರಲ್ಲ, ನಮ್ಮ ಮನೇಲಿ ಎಷ್ಟು ಜನ ಇದ್ದಾರೆ ಅಂತ ಗೊತ್ತಾ ನಿಮಗೆ?”

ಚಿಕ್ಕಪ್ಪ ಸ್ವಲ್ಪ ಯೋಚಿಸಿ ಕೇಳಿದರು, “ಇವತ್ತಾ?”

ಇಂಥವರ ಕೈಯಲ್ಲಿದ್ದ ಶಾಲೆಯ ಗೋಡೆ ಆಷಾಢದ ಮಳೆಯಲ್ಲಿ ಬಿದ್ದುಹೋಯಿತು. ಹಳೆಯ ಹೆಂಚಿನ ಕಟ್ಟಡ. ಭಾನುವಾರ ಮಧ್ಯಾಹ್ನ ಬಿದ್ದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸೋಮವಾರ ಬೆಳಿಗ್ಗೆ ನಾನು ಬಸ್ಸಿಳಿದು ಓಡಿಬಂದರೆ, ಅರ್ಧ ಊರು ಅಂಗಳದಲ್ಲಿ ನಿಂತಿತ್ತು. ನಾಲ್ಕು ಜನ ಮೊಬೈಲಿನಲ್ಲಿ ಗೋಡೆಯ ವಿಡಿಯೋ ತೆಗೆಯುತ್ತಿದ್ದರು, ಎಂಟು ಜನ ಆ ನಾಲ್ವರಿಗೆ ಎಲ್ಲಿಂದ ತೆಗೆಯಬೇಕೆಂದು ಹೇಳಿಕೊಡುತ್ತಿದ್ದರು. ಉಳಿದವರೆಲ್ಲ ಕೂಗುತ್ತಿದ್ದರು. “ಮಕ್ಕಳಿದ್ದಿದ್ರೆ ಏನ್ ಗತಿ?” “ಹೆಡ್ಮಾಸ್ಟ್ರು ಎಲ್ಲವ್ರೆ?” “ಕರೀರಿ ಅವರ್ನ!”

ಹೆಡ್ಮಾಸ್ಟ್ರು ಅಡುಗೆ ಕೋಣೆಯಿಂದ ಹೊರಗೆ ಬಂದರು. ಕಂಕುಳಲ್ಲಿ ಆರು ಮೊರ!

ನಮ್ಮ ಚಿಕ್ಕಪ್ಪನ ಒಂದು ಪದ್ಧತಿಯಿದೆ. ಬಿಸಿಯೂಟದ ಬೇಳೆಯಲ್ಲಿ ಕಲ್ಲು ಆರಿಸದೆ ಅವರು ಯಾವ ಸಭೆಯನ್ನೂ ಮಾಡಿದವರಲ್ಲ. ಪಾಠದ ಯೋಜನೆ ಇರಲಿ, ಆಗಸ್ಟ್ ಹದಿನೈದರ ಏರ್ಪಾಡಿರಲಿ, ಗಣಿತದ ಮೇಷ್ಟ್ರಿಗೂ ನನಗೂ ಮಾತು ಬಿಟ್ಟುಹೋಗಿರಲಿ (ವರ್ಷಕ್ಕೆ ಮೂರು ಸಲ ಬಿಡುತ್ತಿತ್ತು, ತಪ್ಪು ಅವರದೇ), ಚಿಕ್ಕಪ್ಪ ಎಲ್ಲರನ್ನೂ ನೆಲದ ಮೇಲೆ ದುಂಡಗೆ ಕೂರಿಸಿ ಮುಂದೆ ಒಂದೊಂದು ಮೊರ ಇಟ್ಟು ತೊಗರಿಬೇಳೆ ಸುರಿಯುತ್ತಿದ್ದರು. ಆಮೇಲೆ ಮಾತು. ಇದೇನು ಹುಚ್ಚು ಎಂದು ನಾನು ಮೊದಮೊದಲು ಉರಿದುಬಿದ್ದಿದ್ದೆ. ಬಿ.ಎಡ್. ಮಾಡಿದ್ದು ಬೇಳೆ ಆರಿಸುವುದಕ್ಕಾ?

ಆ ಸೋಮವಾರ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಆರು ಜನರನ್ನು ಆರಿಸಿ, “ಬನ್ನಿ, ಕೂತ್ಕೊಳಿ. ಮಕ್ಕಳ ಊಟಕ್ಕೆ ತಡವಾಗ್ತಿದೆ, ಆರಿಸ್ತಾ ಮಾತಾಡೋಣ” ಎಂದು ಮೊರ ಕೊಟ್ಟುಬಿಟ್ಟರು. ನೀವೇ ಒಂದು ಸಲ ಮಾಡಿ ನೋಡಿ. ಕಣ್ಣು ಬೇಳೆಯಲ್ಲಿದ್ದರೆ ಗಂಟಲು ಮೇಲೇಳುವುದಿಲ್ಲ! ಎದುರಿಗಿರುವವನ ಮುಖ ನೋಡದೆ ಜಗಳವಾಡುವುದು ಹೇಗೆ? “ನಿಮ್ಮಂಥೋರು ಇದ್ರೆ ಊರು...” ಎಂದು ಶುರುಮಾಡಿದ ಒಬ್ಬರು, “ತಡೀರಿ, ಇಲ್ಲೊಂದು ಕಲ್ಲೈತೆ” ಎಂದು ನಿಲ್ಲಿಸಿದರು. ಕಲ್ಲು ತೆಗೆದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಅವರಿಗೆ ನೆನಪಾಗಲಿಲ್ಲ. ಅರ್ಧ ಗಂಟೆಯಲ್ಲಿ ಬೇಳೆ ಹಸನಾಯಿತು. ಮಕ್ಕಳು ಊಟ ಮಾಡಿದರು. ಬೈಯಲು ಬಂದವರೂ ಊಟ ಮಾಡಿದರು.

ಆದರೆ ಬೇಳೆ ಆರಿಸಿದ ಮಾತ್ರಕ್ಕೆ ಗೋಡೆ ಏಳುತ್ತದೆಯೇ? ಆ ವಾರವೇ ಶಿಕ್ಷಣ ಇಲಾಖೆಯ ಸಾಹೇಬರು ಬಂದು ಕಟ್ಟಡ ನೋಡಿ, ಇದರೊಳಗೆ ಒಂದು ಮಗುವೂ ಕಾಲಿಡಕೂಡದು ಎಂದರು. ನ್ಯಾಯವಾದ ಮಾತು. “ನಾಲ್ಕು ಕಿಲೋಮೀಟರಿನಲ್ಲಿ ದೊಡ್ಡ ಶಾಲೆ ಇದೆ, ಕಟ್ಟಡ ಚೆನ್ನಾಗಿದೆ. ಮಕ್ಕಳನ್ನು ತಾತ್ಕಾಲಿಕವಾಗಿ ಅಲ್ಲಿಗೆ ವಿಲೀನ ಮಾಡೋಣ” ಎಂದೂ ಹೇಳಿದರು. ಇಲಾಖೆಯ ‘ತಾತ್ಕಾಲಿಕ’ ಎಷ್ಟು ವರ್ಷ ಬಾಳುತ್ತದೆ ಎಂದು ಅತಿಥಿ ಶಿಕ್ಷಕಿಯಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಮ್ಮೆ ಮುಚ್ಚಿದ ಶಾಲೆ ಮತ್ತೆ ತೆರೆಯುವುದಿಲ್ಲ. ಆ ನಾಲ್ಕು ಕಿಲೋಮೀಟರಿನಲ್ಲಿ ಹಳೇಬೀಡಿಗೆ ಟೂರಿಸ್ಟ್ ಗಾಡಿಗಳು ಹಾರಿಹೋಗುವ ರಸ್ತೆಯನ್ನು ದಾಟಬೇಕು. ಸಣ್ಣವರನ್ನು ಯಾರು ಕಳಿಸುತ್ತಾರೆ? ದೊಡ್ಡ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ನನ್ನ ಕೆಲಸವೂ ಅಲ್ಲಿಗೆ ಮುಗಿಯಿತು, ಅದನ್ನು ಮುಚ್ಚಿಡುವುದೇಕೆ? ಚಿಕ್ಕಪ್ಪ ಕೈಕಟ್ಟಿ ನಿಂತು, “ಸಾರ್, ಊರಲ್ಲೇ ಗಟ್ಟಿ ಜಾಗ ಹುಡುಕ್ತೀನಿ. ಈ ವರ್ಷ ಒಂದು ಮಗುವೂ ಬಿಟ್ಟುಹೋಗದ ಹಾಗೆ ನೋಡ್ಕೊತೀನಿ. ಆಮೇಲೆ ನೀವು...” ಎಂದು ನಿಲ್ಲಿಸಿದರು. ಸಾಹೇಬರಿಗೆ ವಾಕ್ಯ ಮುಗಿಸುವ ಅಭ್ಯಾಸವಿತ್ತು. “ಆಮೇಲೆ ನೋಡೋಣ. ಹಾಜರಾತಿ ಕುಸಿದರೆ ವಿಲೀನವೇ” ಎಂದು ಮುಗಿಸಿಕೊಟ್ಟರು.

ಗಟ್ಟಿ ಜಾಗ ಊರಿನಲ್ಲಿ ಒಂದೇ ಇತ್ತು, ಗೌಡರ ಕೊಬ್ಬರಿ ಶೆಡ್ಡು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿ ಉಂಡೆಯಾಗುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಗೌಡರ ಶೆಡ್ಡಿನಲ್ಲಿ ಅರ್ಧ ಭಾಗ ಅಟ್ಟ, ಅರ್ಧ ಭಾಗ ಬರೀ ನೆಲ ಮತ್ತು ಮಾಡು. ಆ ಬರೀ ಅರ್ಧ ಸಿಕ್ಕಿದ್ದರೆ ಸಾಕಿತ್ತು. ಗೌಡರು ಬಗ್ಗಲಿಲ್ಲ.

“ಆಗಕ್ಕಿಲ್ಲ ಮೇಷ್ಟ್ರೇ. ಕಾಯಿ ತಣ್ಣಗೆ ಮಲಗಿರ್ಬೇಕು. ನಿಮ್ಮ ಮಕ್ಳು ಮಗ್ಗಿ ಅರಚ್ಕೊಂಡ್ರೆ ಹಣ್ಣಾಗಕ್ಕಿಲ್ಲ.”

“ಗೌಡ್ರೇ, ನೀವೂ ಅದೇ ಗಲಾಟೇಲಿ ಏಳು ವರ್ಷ ಕೂತಿದ್ರಲ್ಲ, ನೀವು ಹಣ್ಣಾಗಲಿಲ್ವಾ?”

“ನಾನೆಲ್ಲಿ ಏಳು ವರ್ಸ ಕೂತೆ ಸಾ? ನಾಕನೇ ಕ್ಲಾಸಿಗೇ ಓಡಿಬಂದೆ!”

“ಅದಕ್ಕೇ ಹೇಳಿದ್ದು. ಉಳಿದ ಮೂರು ವರ್ಷ ಈಗ ಮುಗಿಸಿ. ಸ್ಕೂಲೇ ನಿಮ್ಮ ಬಾಗಿಲಿಗೆ ಬಂದಿದೆ.”

ಗೌಡರ ಹೆಂಡತಿ ಒಳಗಿನಿಂದ ನಕ್ಕ ಸದ್ದು ಕೇಳಿಸಿತು. ಹೆಂಡತಿ ನಕ್ಕ ಮೇಲೆ ಗೌಡರಿಗೆ ಇನ್ನೇನು ಉಳಿಯಿತು? ಬೀಗದಕೈ ಕೊಟ್ಟರು. ಇಂಜಿನಿಯರು ಬಂದು ಕಂಬ, ಮಾಡು ಎಲ್ಲ ನೋಡಿ ಸಹಿ ಹಾಕಿದರು. ಅಟ್ಟದ ಕೆಳಗೆ ಯಾರೂ ಹೋಗದಂತೆ ಚಿಕ್ಕಪ್ಪ ಹಗ್ಗ ಕಟ್ಟಿಸಿ, ಮೂರು ಕಪ್ಪು ಹಲಗೆ ನಿಲ್ಲಿಸಿ, ಏಳು ತರಗತಿ ಶುರುಮಾಡಿದರು. ಒಂದೇ ಶೆಡ್ಡಿನಲ್ಲಿ ಏಳು ತರಗತಿ! ನಾನು ಆ ಕಡೆ ‘ಕಾಗುಣಿತ’ ಎಂದರೆ ಈ ಕಡೆ ಗಣಿತದ ಮೇಷ್ಟ್ರ ಮಕ್ಕಳು ‘ಹದಿನಾರು’ ಎನ್ನುತ್ತಿದ್ದರು. ನಾನು ಸಿಡುಕಿದೆ, ಮೇಷ್ಟ್ರು ಸಿಡುಕಿದರು, ಚಿಕ್ಕಪ್ಪ ಮೊರ ತಂದರು. ಕಲ್ಲು ಆರಿಸುತ್ತಾ ಆರಿಸುತ್ತಾ ತೀರ್ಮಾನವಾದದ್ದೇನೆಂದರೆ, ಒಬ್ಬರು ಬಾಯಿ ಪಾಠ ಮಾಡುವಾಗ ಉಳಿದವರು ಬರೆಸಬೇಕು. ಇಷ್ಟು ಸರಳವಾದದ್ದು ನನಗೇ ಯಾಕೆ ಹೊಳೆಯಲಿಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕೊಬ್ಬರಿ ಕೊಳ್ಳುವ ವ್ಯಾಪಾರಿ ಅರಸೀಕೆರೆಯಿಂದ ಬಂದ ದಿನದ ಕತೆ ಹೇಳದಿದ್ದರೆ ಗೌಡರು ನನ್ನನ್ನು ಕ್ಷಮಿಸುವುದಿಲ್ಲ. ವ್ಯಾಪಾರಿ ಅಟ್ಟದಿಂದ ಹತ್ತು ಕಾಯಿ ಇಳಿಸಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೇಳಬೇಕು. ಅದಕ್ಕೆ ಮೌನ ಬೇಕು. ಚಿಕ್ಕಪ್ಪ ಬಾಯಿಯ ಮೇಲೆ ಬೆರಳಿಟ್ಟರು, ಅರವತ್ತೊಂದು ಮಕ್ಕಳೂ ಉಸಿರು ಬಿಗಿಹಿಡಿದರು. ತಿಂಗಳುಗಟ್ಟಲೆ ಕಾಯಿಗಳ ಪಕ್ಕದಲ್ಲೇ ಕೂತವರು, ಅದರಲ್ಲೂ ಹುಟ್ಟಿದ್ದೇ ತೆಂಗಿನ ತೋಟಗಳಲ್ಲಿ. ಅವರ ಕಿವಿ ಎಷ್ಟು ಚುರುಕಾಗಿರಬೇಡ! ವ್ಯಾಪಾರಿ ಒಂದು ಕಾಯಿ ಅಲ್ಲಾಡಿಸಿ, ಮುಖ ಹುಳ್ಳಗೆ ಮಾಡಿ, “ಇನ್ನೂ ನೀರೈತೆ ಗೌಡ್ರೇ” ಎಂದ.

“ಇಲ್ಲ ಸಾರ್, ಹಣ್ಣಾಗೈತೆ” ಎಂದಳು ಐದನೇ ಕ್ಲಾಸಿನ ಒಬ್ಬ ಹುಡುಗಿ.

ಚಿಕ್ಕಪ್ಪ ಅವಳ ಕಡೆ ತಿರುಗಿ ಗಂಭೀರವಾಗಿ, “ಕೈ ಎತ್ತದೆ ಮಾತಾಡಬಾರದು ಅಂತ ಎಷ್ಟು ಸಲ ಹೇಳಿದ್ದೀನಿ?” ಎಂದರು.

ಹುಡುಗಿ ಕೈ ಎತ್ತಿದಳು. ಚಿಕ್ಕಪ್ಪ “ಹೂಂ, ಹೇಳು” ಎಂದರು. “ಹಣ್ಣಾಗೈತೆ ಸಾರ್” ಎಂದಳು. ಅವಳ ಹಿಂದೆ ಇನ್ನೂ ಮೂವತ್ತು ಕೈ ಮೇಲೆದ್ದವು! ಗೌಡರು ಅಲ್ಲೇ ಕಾಯಿ ಒಡೆಸಿದರು. ಚೆಂಡಿನಂಥ ಕೊಬ್ಬರಿ ಉರುಳಿಬಂತು. ವ್ಯಾಪಾರಿ ಸರಿಯಾದ ಬೆಲೆ ಹೇಳಿದ. ಅಂದಿನಿಂದ ಗೌಡರು ಮಗ್ಗಿ ಕೇಳಿದರೆ ಕಾಯಿ ಬೇಗ ಹಣ್ಣಾಗುತ್ತದೆ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗತೊಡಗಿದರು.

ಹೀಗೆ ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಚಿಕ್ಕಪ್ಪ ಒಂದು ಮಹಾ ತಪ್ಪು ಮಾಡಿದರು. ಅಟ್ಟದ ಕಾಯಿಯನ್ನೆಲ್ಲ ಇಳಿಸಿ, ಸುಲಿದು, ಚಿಪ್ಪು ಒಡೆಯುವ ದಿನ ಬಂತು. ಶೆಡ್ಡಿನ ತುಂಬ ಧೂಳು, ಮಚ್ಚು, ಆಳುಗಳು. ಮಕ್ಕಳನ್ನು ಅಲ್ಲಿ ಕೂರಿಸುವಂತಿಲ್ಲ. ರಜೆ ಕೊಡಬಹುದಿತ್ತು, ಚಿಕ್ಕಪ್ಪನಿಗೆ ಮನಸ್ಸು ಬರಲಿಲ್ಲ. ಮನೆಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನು ಕೇಳಿಕೊಂಡು ಬಂದು, ಬುತ್ತಿ ಕಟ್ಟಿಸಿ, ಎಲ್ಲರನ್ನೂ ಬೆಳಗಿನ ಬಸ್ಸಿಗೆ ಹತ್ತಿಸಿ ಹಳೇಬೀಡಿಗೆ ಹೊರಡಿಸಿದರು. ಇದೆಲ್ಲ ಸರಿಯೇ. ಆದರೆ ಸಾಹೇಬರಿಗೆ ಒಂದು ಮಾತು ತಿಳಿಸಬೇಕು ಎಂಬುದು ಅವರ ತಲೆಗೇ ಬರಲಿಲ್ಲ. ಸಾಹೇಬರು ಮುನ್ಸೂಚನೆಯಿಲ್ಲದೆ ತಪಾಸಣೆಗೆ ಬರುವುದಕ್ಕೆ ವರ್ಷದಲ್ಲಿ ಬೇರೆ ದಿನವೇ ಇರಲಿಲ್ಲವೇ?

ನಾವು ದೇವಸ್ಥಾನದ ಹುಲ್ಲಿನ ಮೇಲೆ ಬುತ್ತಿ ಇಳಿಸುತ್ತಿದ್ದೆವು. ಫೋನು ಬಂತು. ಯಾರೆಂದು ನೋಡದೆ ಚಿಕ್ಕಪ್ಪ ಕಿವಿಗಿಟ್ಟು, “ಅರವತ್ತೊಂದಕ್ಕೆ ಅರವತ್ತೊಂದು, ಹೇಳಿ!” ಎಂದರು.

“ನಾನು ನಿಮ್ಮ ಶಾಲೇಲೇ ನಿಂತಿದ್ದೀನಿ ಮೇಷ್ಟ್ರೇ” ಎಂದಿತು ಸಾಹೇಬರ ಧ್ವನಿ. “ಇಲ್ಲಿ ನನಗೆ ಬರೀ ತೆಂಗಿನಕಾಯಿ ಕಾಣ್ತಿದೆ.”

ಚಿಕ್ಕಪ್ಪನ ಮುಖ ಬಿಳಿಚಿತು. ಹಾಜರಾತಿ ಕುಸಿದರೆ ವಿಲೀನ ಎಂದಿದ್ದವರು ಬಂದು ನೋಡಿದರೆ ಹಾಜರಾತಿ ಸೊನ್ನೆ! ಗಣಿತದ ಮೇಷ್ಟ್ರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ನನಗಂತೂ ಚಿಕ್ಕಪ್ಪನ ಮೇಲೆ ಎಂಥ ಕೋಪ ಬಂತೆಂದರೆ, ಮಕ್ಕಳೆದುರಿಗೇ “ಒಂದು ಫೋನ್ ಮಾಡಕ್ಕೆ ಏನಾಗಿತ್ತು ಚಿಕ್ಕಪ್ಪ ನಿಮಗೆ?” ಎಂದುಬಿಟ್ಟೆ. ಅವರು, “ತಪ್ಪಾಯ್ತು ಸಾರ್, ನನ್ನದೇ ತಪ್ಪು. ನಾವು ಹಳೇಬೀಡಲ್ಲಿದ್ದೀವಿ, ದಯವಿಟ್ಟು ಬಂದು ಎಣಿಸ್ಕೊಳಿ” ಎಂದು ಫೋನಿಗೆ ಹೇಳಿದರು. ಆಮೇಲೆ ಮಕ್ಕಳ ಕಡೆ ತಿರುಗಿ, ಏನೂ ಆಗಿಲ್ಲವೆನ್ನುವ ಹಾಗೆ, “ಕೆಳಗಿನ ಸಾಲಲ್ಲಿ ಎಷ್ಟು ಆನೆ ಇವೆ, ಗುಂಪು ಗುಂಪಾಗಿ ಎಣಿಸಿ ಬನ್ನಿ” ಎಂದು ಕಳಿಸಿದರು.

ಸಾಹೇಬರು ಜೀಪಿನಿಂದಿಳಿದದ್ದು ಕೆಂಡದಂಥ ಮುಖ ಹೊತ್ತು. ಎಣಿಸಲು ಶುರುಮಾಡಿದರು. ಹಳೇಬೀಡಿನ ಗುಡಿಯ ಗೋಡೆ ನೀವು ನೋಡಿದ್ದೀರಲ್ಲ, ನೆಟ್ಟಗೆ ನಾಲ್ಕು ಹೆಜ್ಜೆ ಹೋಗುವುದಿಲ್ಲ, ಎಲ್ಲೆಲ್ಲೂ ಮೂಲೆ. ಸಾಹೇಬರು ಈ ಮೂಲೆಯಲ್ಲಿ ಒಂಬತ್ತು ಎಂದು ಎಣಿಸಿ ಆ ಮೂಲೆಗೆ ಹೋಗುವಷ್ಟರಲ್ಲಿ, ಮಕ್ಕಳು ಆನೆ ಎಣಿಸುತ್ತಾ ಇನ್ನೊಂದು ಮೂಲೆಯಿಂದ ಹೊರಗೆ ಬರುತ್ತಿದ್ದರು. ಮಕ್ಕಳು ಆನೆಗಳನ್ನು ಎಣಿಸುತ್ತಾ, ಸಾಹೇಬರು ಮಕ್ಕಳನ್ನು ಎಣಿಸುತ್ತಾ, ಎರಡು ಸುತ್ತು ಬಂದರು. ಒಂದು ಸಲ ನಲವತ್ತೇಳು ಸಿಕ್ಕಿತು, ಒಂದು ಸಲ ಎಪ್ಪತ್ತಮೂರು. ಮಕ್ಕಳಿಗೂ ಅದೇ ಪಾಡು, ಒಂದು ಗುಂಪಿನ ಆನೆ ಇನ್ನೊಂದು ಗುಂಪಿಗೆ ತಾಳೆಯಾಗುತ್ತಿರಲಿಲ್ಲ.

“ಸರಿ ಉತ್ತರ ಎಷ್ಟು ಮೇಷ್ಟ್ರೇ?” ಎಂದರು ಸಾಹೇಬರು, ಬೆವರೊರೆಸಿಕೊಳ್ಳುತ್ತಾ.

“ನನಗೂ ಗೊತ್ತಿಲ್ಲ ಸಾರ್. ಗೊತ್ತಿದೆ ಅಂದ್ರೆ ಅವರು ಯಾಕೆ ಎಣಿಸ್ತಾರೆ?”

ಕೊನೆಗೆ ಎಲ್ಲರನ್ನೂ ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದರು. ಸಾಹೇಬರು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಅರವತ್ತೆರಡು! ಮತ್ತೆ ಎಣಿಸಿದರು. ಅರವತ್ತೆರಡೇ. ಚಿಕ್ಕಪ್ಪ ಸಾಲಿನುದ್ದಕ್ಕೂ ಒಂದೊಂದೇ ಮುಖ ನೋಡುತ್ತಾ ಹೋಗಿ, ಕೊನೆಯಲ್ಲಿ ತಂಪುಕನ್ನಡಕ ಹಾಕಿಕೊಂಡು ನಿಂತಿದ್ದ ಗುಂಡನೆಯ ಮಗುವಿನ ಮುಂದೆ ನಿಂತರು. ಯಾರೋ ಟೂರಿಸ್ಟರ ಮಗು, ಆನೆ ಎಣಿಸುವ ಆಟ ಇಷ್ಟವಾಗಿ ನಮ್ಮ ಸಾಲಿಗೆ ಸೇರಿಕೊಂಡಿತ್ತು.

“ಸಾರ್” ಎಂದರು ಚಿಕ್ಕಪ್ಪ ವಿನಯದಿಂದ, “ದಾಖಲಾತಿ ಏರ್ತಾ ಇದೆ.”

ಸಾಹೇಬರು ತಡೆದರು, ತಡೆದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಬುತ್ತಿಯ ಚಿತ್ರಾನ್ನ ತಿಂದು, “ಮುಂದಿನ ವಾರ ಪೋಷಕರ ಸಭೆ ಕರೀರಿ. ಅವರು ಏನು ಹೇಳ್ತಾರೋ ಅದನ್ನೇ ಬರೆದು ಮೇಲಕ್ಕೆ ಕಳಿಸ್ತೀನಿ” ಎಂದು ಹೊರಟರು.

ಸಭೆ ಶೆಡ್ಡಿನಲ್ಲೇ ನಡೆಯಿತು. ಸಾಹೇಬರ ಮುಂದೆಯೂ ಒಂದು ಮೊರ ಬಂತು ಎಂದು ಬೇರೆ ಹೇಳಬೇಕೇ? ನಾನು ಕಣ್ಣು ಮುಚ್ಚಿಕೊಂಡೆ. ಸಾಹೇಬರು ಒಂದು ಕ್ಷಣ ಮೊರ ನೋಡಿದರು, ಒಂದು ಕ್ಷಣ ಚಿಕ್ಕಪ್ಪನನ್ನು ನೋಡಿದರು, ತೋಳು ಮಡಚಿ ಕೂತರು. ಬೇಳೆ ಆರಿಸುತ್ತಲೇ ಕೇಳಿದರು, “ದೊಡ್ಡ ಶಾಲೇಲಿ ಕಂಪ್ಯೂಟರ್ ಇದೆ, ಆಟದ ಮೈದಾನ ಇದೆ, ಗಾಡಿ ವ್ಯವಸ್ಥೆ ಮಾಡಿಸೋಣ. ಆದರೂ ನಿಮಗೆ ಇದೇ ಬೇಕಾ? ಯಾಕೆ?”

ಬೇಳೆಯ ಸದ್ದಷ್ಟೇ. ಗೌಡರು ಕೂಡ ತಲೆ ತಗ್ಗಿಸಿ ಆರಿಸುತ್ತಿದ್ದರು. ಇಷ್ಟು ದಿನದ ಪಾಡೆಲ್ಲ ಈ ಮೌನದಲ್ಲಿ ಮುಗಿದುಹೋಗುತ್ತದೆಯೇ? ಆಗ ಆ ಐದನೇ ಕ್ಲಾಸಿನ ಹುಡುಗಿಯ ಅಮ್ಮ, ತಲೆ ಎತ್ತದೆ, ಮೊರದೊಳಗೇ ನೋಡುತ್ತಾ ಹೇಳಿದರು.

“ಆ ಇಸ್ಕೂಲು ಚೆಂದಾಗೈತೆ ಸಾ, ಇಲ್ಲ ಅನ್ನಕ್ಕಿಲ್ಲ. ಆದ್ರೆ ನನ್ನ ಮಗಳು ಒಂದಿನ ಹೋಗ್ನಿಲ್ಲ ಅಂದ್ರೆ ಮದ್ಯಾನ್ನದೊಳಗೆ ಈ ಮೇಷ್ಟ್ರು ನಮ್ಮನೆ ಬಾಗಿಲಿಗೆ ಬತ್ತಾರೆ. ಜ್ವರ ಬಂದೈತಾ, ನಾವೇನಾರ ಕೂಲಿಗೆ ಕರ್ಕೊಂಡ್ ಹೋದ್ವಾ, ಕೇಳ್ತಾರೆ. ಬೈಯಕ್ಕಿಲ್ಲ, ಕೇಳ್ತಾರೆ ಅಷ್ಟೇಯ. ನಾಕು ಕಿಲೋಮೀಟ್ರು ದೂರದಿಂದ ಯಾರು ಬತ್ತಾರೆ ಸಾ ಕೇಳಕ್ಕೆ?”

ಸಾಹೇಬರು ಬೇಳೆಯಿಂದ ಒಂದು ಕಲ್ಲು ತೆಗೆದು, “ಸಿಕ್ತು” ಎಂದು ಪಕ್ಕಕ್ಕಿಟ್ಟರು.

ತಿಂಗಳೊಪ್ಪತ್ತಿನಲ್ಲಿ ಪತ್ರ ಬಂತು. ವಿಲೀನ ಇಲ್ಲ. ಹಳೆಯ ಜಾಗದಲ್ಲೇ ಹೊಸ ಕೊಠಡಿಗಳು ಮಂಜೂರಾಗಿವೆ. ಗಣಿತದ ಮೇಷ್ಟ್ರು ಆ ಪತ್ರವನ್ನು ಮೂರು ಸಲ ಓದಿ, ಮೊದಲ ಬಾರಿಗೆ ಬೇಲೂರು ಬಸ್ಸನ್ನು ಹೊಗಳಿದರು. ಗೌಡರು ಮಕ್ಕಳಿಗೆಲ್ಲ ಕೊಬ್ಬರಿ, ಬೆಲ್ಲ ಹಂಚಿದರು. ಹಂಚುತ್ತಾ, “ಹೊಸ ಕಟ್ಟಡ ನಿಧಾನಕ್ಕೇ ಆಗ್ಲಿ ಬಿಡಿ ಸಾ, ಅವಸರ ಏನೈತೆ?” ಎಂದು ಚಿಕ್ಕಪ್ಪನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಆ ದಿನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಚಿಕ್ಕಪ್ಪ ಬೀರುವಿನಿಂದ ದಾರ ಕಟ್ಟಿದ ಒಂದು ಕಟ್ಟು ತೆಗೆದು ನನಗೆ ಕೊಟ್ಟರು. “ಗೌಡರ ಹಿತ್ತಲಲ್ಲಿ ಚಿಪ್ಪಿನ ಬೆಂಕಿ ಇದೆ, ಇದನ್ನ ಅದಕ್ಕೆ ಹಾಕಿಬಿಡಿ. ಇನ್ನು ಬೇಕಾಗಿಲ್ಲ” ಎಂದರು. ಹಾಕಲು ಹೋದೆ. ಬಿಚ್ಚದೆ ಹಾಕುವಷ್ಟು ಒಳ್ಳೆಯವಳು ನಾನಲ್ಲ.

ಒಳಗೆ ಸಣ್ಣ ಸಣ್ಣ ಚೀಟಿಗಳಿದ್ದವು, ಒಂದು ಮಗುವಿಗೆ ಒಂದು. ಚಿಕ್ಕಪ್ಪನ ದುಂಡು ಅಕ್ಷರ. ಶಾಲೆ ಮುಚ್ಚಿಹೋದರೆ ಮಕ್ಕಳ ವರ್ಗಾವಣೆ ಪತ್ರದ ಜೊತೆ ಕಳಿಸಲು, ದೊಡ್ಡ ಶಾಲೆಯ ಹೆಡ್ಮಾಸ್ಟರಿಗೆ ಬರೆದಿಟ್ಟವು. ನಮ್ಮ ಮುಂದೆಲ್ಲ ‘ಏನೂ ಆಗಲ್ಲ’ ಎಂದು ಓಡಾಡಿಕೊಂಡಿದ್ದ ಮನುಷ್ಯ, ಆಗಿಯೇ ತೀರುತ್ತದೆ ಎಂದುಕೊಂಡು ಒಬ್ಬರೇ ಕೂತು ಬರೆದಿದ್ದರು. ವಾಕ್ಯಗಳೆಲ್ಲ ಪೂರ್ತಿಯಾಗಿದ್ದವು.

‘ಇವನು ತಡವಾಗಿ ಬಂದರೆ ಬೈಯಬೇಡಿ. ಡೈರಿಗೆ ಹಾಲು ಹಾಕಿ ಬರುತ್ತಾನೆ.’ ‘ಈ ಮಗುವಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ, ಹೇಳಿಕೊಳ್ಳಲು ನಾಚಿಕೆ. ದಯವಿಟ್ಟು ಬಲಗಡೆ ನಿಂತು ಮಾತಾಡಿಸಿ.’ ‘ಇವಳು ಊಟಕ್ಕೆ ಎರಡನೇ ಸಲ ಕೇಳುವುದಿಲ್ಲ. ಕೇಳದಿದ್ದರೂ ಬಡಿಸಿ.’ ‘ಇವನನ್ನೂ ಇವನ ಗೆಳೆಯನನ್ನೂ ಬೇರೆ ಬೇರೆ ಕೂರಿಸಬೇಡಿ. ಒಬ್ಬನಿಗೆ ಓದಲು ಬರುತ್ತದೆ, ಇನ್ನೊಬ್ಬನಿಗೆ ಧೈರ್ಯವಿದೆ.’

ಅರವತ್ತೊಂದು ಚೀಟಿ ಮುಗಿದ ಮೇಲೆ ಇನ್ನೂ ಒಂದು ಉಳಿಯಿತು. ಲೆಕ್ಕ ತಪ್ಪಿರಬೇಕು ಎಂದುಕೊಂಡು ತೆರೆದೆ.

‘ನಮ್ಮಲ್ಲಿ ಒಬ್ಬರು ಅತಿಥಿ ಶಿಕ್ಷಕಿ ಇದ್ದಾರೆ. ನಿಮ್ಮಲ್ಲಿ ಜಾಗವಿದ್ದರೆ ಇವರನ್ನು ಕರೆದುಕೊಳ್ಳಿ. ಇವರು ಕಲಿಸಿದ ಮಕ್ಕಳು ಓದುವುದನ್ನು ಒಂದು ಸಲ ಕೇಳಿ ನೋಡಿ, ಶಿಫಾರಸು ಬೇಕಾಗುವುದಿಲ್ಲ. ಕೋಪ ಬೇಗ ಬರುತ್ತದೆ, ಮಕ್ಕಳ ಮೇಲೆ ಎಂದೂ ತೋರಿಸಿಲ್ಲ. ಅಳುವೂ ಬೇಗ ಬರುತ್ತದೆ. ಆಗ ನೀವು ನೋಡದ ಹಾಗೆ ಇದ್ದುಬಿಡಿ, ಸಾಕು.’

ಮೂರು ವರ್ಷದಲ್ಲಿ ನನಗೆ ಒಂದು ದಿನ ‘ಚೆನ್ನಾಗಿ ಮಾಡಿದಿರಿ’ ಎಂದವರಲ್ಲ. ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತೆ. ಹಿತ್ತಲ ಬಾಗಿಲು ಕಿರುಗುಟ್ಟಿತು. ಚಿಕ್ಕಪ್ಪ ಬಂದಿದ್ದರು. ನನ್ನನ್ನೂ ನನ್ನ ಮಡಿಲಿನಲ್ಲಿದ್ದ ಚೀಟಿಗಳನ್ನೂ ಕಂಡರು. ಕಂಡವರು ತಕ್ಷಣ ಮುಖ ತಿರುಗಿಸಿ, ಎರಡೂ ಕೈ ಹಿಂದೆ ಕಟ್ಟಿಕೊಂಡು, ತೋಟದ ಕಡೆ ನೋಡುತ್ತಾ ನಿಂತರು. ನಾನು ಕಣ್ಣೊರೆಸಿಕೊಂಡು ಏಳುವವರೆಗೂ ಹಾಗೇ ನಿಂತಿದ್ದರು.